ಝೆರ್ಮಾಟ್‌ನಲ್ಲಿ ಆರು ದಿನ ಸ್ಕೀ: ಕಾರು ಎಲ್ಲಿ ಬಿಡೋದು, ಬೂಟು ಹೇಗೆ ನೋಡೋದು, ಇಟಲಿಯಿಂದ ಎಷ್ಟೊತ್ತಿಗೆ ಹೊರಡೋದು

ನೆಕ್ಕರ್_ತೀರ:
ಎಲ್ಲರಿಗೂ ನಮಸ್ಕಾರ. ಜನವರಿ ಕೊನೇ ವಾರ ಸ್ಟುಟ್‌ಗಾರ್ಟ್‌ನಿಂದ ಕಾರಲ್ಲಿ ಸ್ವಿಟ್ಜರ್‌ಲೆಂಡ್‌ನ ಝೆರ್ಮಾಟ್‌ಗೆ, ಆರು ದಿನ. ಐದು ಜನ. ನಾವು ಗಂಡ ಹೆಂಡತಿ ಸ್ಕೀ ಮೇಲೆ ಕಾಲಿಟ್ಟೇ ಇಲ್ಲ, ಒಂಬತ್ತು ವರ್ಷದ ಮಗಳೂ ಹಾಗೇ. ಭಾವಮೈದ ಕೆಂಪು ಪಿಸ್ಟ್ (ಮಧ್ಯಮ ಕಷ್ಟದ ಸ್ಕೀ ದಾರಿ) ಆರಾಮಾಗಿ ಇಳೀತಾನೆ. ಅಮ್ಮನಿಗೆ 64, ಬಿಪಿ ಮಾತ್ರೆ ತಗೋತಾರೆ, ಸ್ಕೀ ಮಾಡಲ್ಲ, ಬೆಟ್ಟ ನೋಡಿದರೆ ಸಾಕು ಅಂತಾರೆ.
ಕೇಳಬೇಕಿರೋದು ಇಷ್ಟು: ಕಾರು ಎಲ್ಲಿ ಬಿಡೋದು? ಬೂಟು ಇಲ್ಲಿಂದಲೇ ಬಾಡಿಗೆಗೆ ತಗೊಂಡು ಹೋಗೋದಾ, ಅಲ್ಲೇ ತಗೊಳ್ಳೋದಾ? ಇಟಲಿ ಕಡೆಯೂ ಸೇರಿದ 360 ಕಿ.ಮೀ. ಲಿಫ್ಟ್ ಪಾಸ್ ಬೇಕಾ, ಬರೀ ಝೆರ್ಮಾಟ್ ಪಾಸ್ ಸಾಕಾ? ಅಮ್ಮನ್ನ ಎಷ್ಟು ಮೇಲಕ್ಕೆ ಕರ್ಕೊಂಡು ಹೋಗಬಹುದು?

ಕೊನೇಬಸ್ಸು:
ಕಾರಿನ ವಿಷಯ ಮೊದಲು ಮುಗಿಸೋಣ. ಝೆರ್ಮಾಟ್ ಊರೊಳಗೆ ಪೆಟ್ರೋಲ್, ಡೀಸೆಲ್ ಗಾಡಿ ಬಿಡಲ್ಲ. ನಿಮ್ಮದು ಎಲೆಕ್ಟ್ರಿಕ್ ಕಾರಾದರೂ ಅಷ್ಟೇ, ಪ್ರವಾಸಿಗರ ಪಾಲಿಗೆ ರಸ್ತೆ ಕಣಿವೆಯ ಕೆಳಗಿನ ಊರು ಟೇಶ್‌ನಲ್ಲಿ ಮುಗೀತು. ಟೇಶ್ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ 2,100 ಕಾರು ಹಿಡಿಯೋ ಪಾರ್ಕಿಂಗ್ ಕಟ್ಟಡ ಇದೆ. ಅಲ್ಲಿಂದ ಷಟಲ್ ರೈಲು, ಹಗಲಲ್ಲಿ 20 ನಿಮಿಷಕ್ಕೊಂದು, 12 ನಿಮಿಷದ ದಾರಿ. ಸಾಮಾನು ಎಳೆಯೋ ತಳ್ಳುಗಾಡಿ ಸಮೇತ ಬೋಗಿಯೊಳಗೆ ಹೋಗಬಹುದು, ಹಾಗಾಗಿ ಐದು ಸೂಟ್‌ಕೇಸ್ ಅಂತ ಹೆದರಬೇಡಿ.

ನೀವು ಬರೋ ದಾರಿ ಬರ್ನ್ ದಾಟಿ ಕಾಂಡರ್‌ಶ್ಟೇಗ್. ಅಲ್ಲಿ ಕಾರನ್ನೇ ರೈಲಿಗೆ ಹತ್ತಿಸಬೇಕು, ನೀವು ಕಾರೊಳಗೇ ಕೂತಿರಬೇಕು, ಸುರಂಗ ದಾಟಿ ಗೋಪನ್‌ಶ್ಟೈನ್‌ನಲ್ಲಿ ಇಳೀತೀರಿ. ಶನಿವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ತನಕ ಅಲ್ಲಿ ಸಾಲು ಉದ್ದ. ಬೇಗ ಹೊರಡಿ, ಇಲ್ಲಾ ಸಂಜೆಗೆ ಮುಟ್ಟೋ ಹಾಗೆ ಹೊರಡಿ.

ಇನ್ನೊಂದು ಸಣ್ಣ ಉಳಿತಾಯ: ಸ್ವಿಸ್ ಹೆದ್ದಾರಿಯ ವಿನ್ಯೆಟ್ (ಗಾಜಿಗೆ ಅಂಟಿಸೋ ಟೋಲ್ ಚೀಟಿ) 40 ಫ್ರಾಂಕ್. ಒಂದು ವರ್ಷದ್ದು ಮುಂದಿನ ವರ್ಷದ ಜನವರಿ 31ರವರೆಗೆ ನಡೆಯುತ್ತೆ. ಹೋದ ವರ್ಷದ್ದು ಗಾಜಿನ ಮೇಲೆ ಇನ್ನೂ ಇದ್ದು, 31ರೊಳಗೆ ವಾಪಸ್ ಗಡಿ ದಾಟೋದಾದರೆ ಹೊಸದು ಬೇಡ. ಫೆಬ್ರವರಿ 1ಕ್ಕೆ ದಾಟಿದರೆ ದಂಡ.

ಅಮ್ಮನ ಮಾತ್ರೆ ಲೆಕ್ಕಕ್ಕಿಂತ ನಾಲ್ಕು ದಿನ ಜಾಸ್ತಿ ಇಟ್ಕೊಳ್ಳಿ. ಊರಿಗೆ ಇರೋದು ಒಂದೇ ಕಣಿವೆ, ಒಂದೇ ರಸ್ತೆ, ಒಂದೇ ರೈಲು. 2018ರ ಜನವರಿಯಲ್ಲಿ ಹಿಮಕುಸಿತದ ಭಯಕ್ಕೆ ಎರಡೂ ಬಂದ್ ಆಗಿ ಸುಮಾರು 13,000 ಪ್ರವಾಸಿಗರು ಊರೊಳಗೇ ಉಳಿದರು. ಹೆಲಿಕಾಪ್ಟರ್‌ನಲ್ಲಿ ಸ್ವಲ್ಪ ಸ್ವಲ್ಪ ಜನರನ್ನ ಸಾಗಿಸಬೇಕಾಯ್ತು.

ಹಿಮಗಾಲು:
ಬೇಜಾರಾಗಬೇಡಿ, ಐದರಲ್ಲಿ ಮೂವರು ಹೊಸಬರು ಅಂದಮೇಲೆ ಝೆರ್ಮಾಟ್ ನನ್ನ ಮೊದಲ ಆಯ್ಕೆ ಅಲ್ಲ. ಇಲ್ಲಿನ ದುಡ್ಡು ಎತ್ತರಕ್ಕೆ ಮತ್ತು ವಿಸ್ತಾರಕ್ಕೆ. ಹೊಸಬರಿಗೆ ಮೊದಲ ಮೂರು ದಿನ ಬೇಕಾಗೋದು ನೂರು ಮೀಟರ್ ಉದ್ದದ ಸಪಾಟು ಇಳಿಜಾರು. ಪಕ್ಕದ ಕಣಿವೆಯ ಸಾಸ್‌ಫೇ ಕೂಡ ಕಾರಿಲ್ಲದ ಊರು, 1,800 ಮೀಟರ್, ಕಲಿಯೋ ಜಾಗ ಊರಿನ ಬುಡದಲ್ಲೇ. ಬೆಟ್ಮರಾಲ್ಪ್ ಇನ್ನೂ ಚಿಕ್ಕದು, 1,950 ಮೀಟರ್, ಮನೆ ಬಾಗಿಲಿಂದಲೇ ಸ್ಕೀ ಹಾಕ್ಕೊಂಡು ಹೊರಡಬಹುದು, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಝೆರ್ಮಾಟ್‌ನಲ್ಲಿ ಕಲಿಯೋ ಜಾಗಕ್ಕೂ ಲಿಫ್ಟ್ ಹತ್ತಿ ಹೋಗಬೇಕು, ಬೂಟು ಹಾಕ್ಕೊಂಡು ಊರೊಳಗೆ ನಡೀಬೇಕು. ಬುಕಿಂಗ್ ಆಗಿಲ್ಲ ಅಂದ್ರೆ ಯೋಚಿಸಿ.

ನೆಕ್ಕರ್_ತೀರ:
ಆಗೋಗಿದೆ ಸರ್, ದುಡ್ಡು ವಾಪಸ್ ಬರಲ್ಲ. ಅಪಾರ್ಟ್‌ಮೆಂಟ್ ಸುನ್ನೆಗ್ಗಾ ಲಿಫ್ಟ್‌ಗೆ ಏಳೆಂಟು ನಿಮಿಷದ ನಡಿಗೆ ಅಂತೆ.

ಹಿಮಗಾಲು:
ಹಾಗಾದ್ರೆ ಜಾಗ ಒಳ್ಳೇದೇ ಸಿಕ್ಕಿದೆ. ಸುನ್ನೆಗ್ಗಾ ಅಂದ್ರೆ ಬೆಟ್ಟದೊಳಗಿನ ಫ್ಯೂನಿಕ್ಯುಲರ್ (ಹಗ್ಗ ಎಳೆಯೋ ರೈಲು), ನಾಲ್ಕೈದು ನಿಮಿಷಕ್ಕೆ 2,288 ಮೀಟರ್‌ಗೆ ಎತ್ತುತ್ತೆ. ಹೊಸಬರ ಜಾಗ ಅದರ ಕೆಳಗಿನ ಲೈಸೇ ಕೆರೆ ಹತ್ತಿರ, ಮಂತ್ರದ ಚಾಪೆ ಥರದ ಬೆಲ್ಟ್ ಇದೆ, ಅದರ ಮೇಲೆ ನಿಂತರೆ ಸಾಕು. ದಿನದ ಲೆಕ್ಕ ಆಮೇಲೆ ಬರೀತೀನಿ. ಅದಕ್ಕಿಂತ ಮುಂಚೆ ಬೂಟು. ಪೇಡೆ ಅವರೇ, ಎಲ್ಲಿದ್ದೀರಿ?

ಧಾರವಾಡ_ಪೇಡೆ:
ಇಲ್ಲೇ ಅದೀನ್ರಿ. ಸ್ಕೀ ಯಾವುದಾರ ಇರಲಿ, ಬೂಟು ಸರಿ ಇರಲಿಲ್ಲಂದ್ರ ಎರಡನೇ ದಿನಕ್ಕ ಆಟ ಮುಗೀತದ. ಬಾಡಿಗೀ ಅಲ್ಲೇ ಝೆರ್ಮಾಟ್‌ದಾಗ ತಗೋರಿ. ನಾಲ್ಕು ಫ್ರಾಂಕ್ ಹೆಚ್ಚಾಗ್ತದ ಖರೆ, ಆದ್ರ ಬೂಟು ಕಚ್ಚಿದ್ರ ಅವತ್ತ ಸಂಜೀನ ಬದಲಿ ಮಾಡಿಸಬಹುದು. ಸ್ಟುಟ್‌ಗಾರ್ಟ್‌ನಿಂದ ತಂದದ್ದನ್ನ ಯಾರ ಬದಲಿ ಮಾಡಿ ಕೊಡ್ತಾರ?

ನಂಬರ್ ಹಿಂಗ ನೋಡ್ರಿ. ಸ್ಕೀ ಬೂಟಿನ ನಂಬರು ಅಂದ್ರ ಪಾದದ ಉದ್ದ, ಸೆಂಟಿಮೀಟರ್‌ದಾಗ. ಗೋಡೀಗೆ ಹಿಮ್ಮಡ ಹಚ್ಚಿ ನಿಂತು ಹೆಬ್ಬೆರಳ ತುದಿಗೆ ಗೆರಿ ಎಳೀರಿ. 26.3 ಬಂದ್ರ 26.5 ಕೇಳ್ರಿ. ಒಂದು ಗುಟ್ಟು: 26 ಮತ್ತು 26.5ಕ್ಕ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದ ಇರ್ತದ, ಬದಲಾಗೂದು ಒಳಗಿನ ಅಟ್ಟಿ ಅಷ್ಟ. ಅದಕ "ಅರ್ಧ ನಂಬರ್ ದೊಡ್ಡದು ಕೊಡ್ರಿ" ಅಂದ್ರ ಜಾಗ ಏನೂ ಹೆಚ್ಚಾಗೂದಿಲ್ಲ.

ಚಿಪ್ಪಿನ ಪರೀಕ್ಷಾ ಮಾಡಿಸ್ರಿ. ಒಳಗಿನ ಮೆತ್ತನ್ನ ಲೈನರ್ ತೆಗದು, ಬರೀ ಚಿಪ್ಪಿನೊಳಗ ಕಾಲಿಟ್ಟು, ಬೆರಳು ಮುಂದ ತಾಗೂ ಹಂಗ ನಿಲ್ಲ್ರಿ. ಹಿಮ್ಮಡದ ಹಿಂದ ಒಂದೂವರಿಯಿಂದ ಎರಡು ಸೆಂಟಿಮೀಟರ್ ಸಂದಿ ಇರಬೇಕು, ಅಂದ್ರ ಎರಡು ಬೆರಳು ಒಂದರ ಮ್ಯಾಲೊಂದು ಹಿಡಿಸೂವಷ್ಟು. ಮೂರು ಬೆರಳು ಹಿಡಿಸಿದ್ರ ದೊಡ್ಡದಾತು. ಹೊಸಬರು ಎಲ್ಲಾರೂ ದೊಡ್ಡದ ಬೂಟ ಆರಿಸ್ತಾರ, ಯಾಕಂದ್ರ ಅಂಗಡಿಯೊಳಗ ಅದ ಆರಾಮ ಅನಸ್ತದ. ಹಿಮದ ಮ್ಯಾಲ ಕಾಲು ಒಳಗ ಓಡಾಡಿ, ಬೆರಳು ಮುಂದ ಬಡದು ಉಗುರು ಕಪ್ಪಾಗ್ತಾವು. ಕಾಲು ಅಲ್ಲಾಡತದಂತ ಬಕಲ್ ಜಗ್ಗಿ ಬಿಗೀತಾರ, ರಕ್ತ ನಿಂತು ಪಾದ ಜೋಮು ಹಿಡೀತದ, ಆಮ್ಯಾಲ "ಥಂಡಿ ಭಾಳ ಅದ" ಅಂತಾರ!

ಲೈನರ್ ಹಾಕಿ ನೆಟ್ಟಗ ನಿಂತಾಗ ಬೆರಳು ಮುಂದ ಸ್ವಲ್ಪ ತಾಗಬೇಕು. ಮೊಣಕಾಲು ಮಡಚಿ ಮುಂದ ಬಾಗಿದ ಕೂಡ್ಲೇ ಬಿಡಬೇಕು. ಬಾಗಿದ ಮ್ಯಾಲೂ ಒತ್ತತಿದ್ರ ಸಣ್ಣದು.

ಬಕಲ್ ಹಾಕೂ ಕ್ರಮ: ಮೊದಲ ಹಿಮ್ಮಡ ನೆಲಕ್ಕ ಎರಡು ಸಲ ಕುಟ್ಟಿ ಹಿಂದ ಕೂರಸ್ರಿ. ಪಾದದ ಮಣಿಗಂಟಿನ ಮ್ಯಾಲಿನ ಬಕಲ್ ಮೊದಲು, ಆಮ್ಯಾಲ ಮೀನಖಂಡದ ಎರಡು, ಬೆರಳಿನ ಕಡೀದು ಕಡೀಕ, ಅದೂ ಸಡಿಲ. ಕಾಲ್ಚೀಲ ಒಂದ, ತೆಳ್ಳಂದು, ಉಣ್ಣಿದು. ಎರಡು ಹಾಕಿದ್ರ ಬೆಚ್ಚಗಾಗೂದಿಲ್ಲ, ಮಡಿಕಿ ಬಿದ್ದು ಬೊಬ್ಬಿ ಏಳ್ತಾವು. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗ ತುರಕಬ್ಯಾಡ್ರಿ, ಆ ಹೊಲಿಗಿ ಸಂಜೀತನ ಮೂಳಿಗೆ ಒತ್ತಿ ಜೀವಾ ತಿಂತದ.

ನೆಕ್ಕರ್_ತೀರ:
ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ ಸರ್. ಅಂಗಡಿಯವರು ತೂಕ, ಎತ್ತರ, ವಯಸ್ಸು ಎಲ್ಲ ಕೇಳ್ತಾರಂತೆ, ಯಾಕೆ?

ಧಾರವಾಡ_ಪೇಡೆ:
ಬೈಂಡಿಂಗ್, ಅಂದ್ರ ಬೂಟನ್ನ ಸ್ಕೀಗೆ ಹಿಡಿಯೂ ಕ್ಲಿಪ್, ಸೆಟ್ ಮಾಡಲಿಕ್ಕೆ. ಬಿದ್ದಾಗ ಎಷ್ಟು ಜೋರಿಗೆ ಸ್ಕೀ ಕಾಲು ಬಿಟ್ಟು ಕಳಚಬೇಕು ಅನ್ನೂದು ಆ ನಂಬರು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟಿ ಎಷ್ಟು ಮಿಲಿಮೀಟರ್, ನೀವು ಯಾವ ದರ್ಜಿ ಸ್ಕೀಯರ್, ಈ ಐದರ ಮ್ಯಾಲ ಕೋಷ್ಟಕ ನೋಡಿ ಇಡ್ತಾರ. ಅಟ್ಟಿಯ ಉದ್ದ ಬೂಟಿನ ಹಿಮ್ಮಡದ ಬಾಜೂ ಅಚ್ಚಾಗಿರ್ತದ, 305 ಅಥವಾ 315 ಅಂತ. ತೂಕ ಖರೇ ಹೇಳ್ರಿ, ಅಲ್ಲಿ ನಾಚಿಕಿ ಬ್ಯಾಡ. ಕಮ್ಮಿ ಹೇಳಿದ್ರ ಸುಮ್ಮಸುಮ್ಮನ ಕಳಚಿ ಬೀಳ್ತೀರಿ. ಜಂಭಕ್ಕ "ನಾ ಛಲೋ ಸ್ಕೀ ಮಾಡ್ತೀನಿ" ಅಂದ್ರ ಬಿಗೀ ಇಡ್ತಾರ, ಬಿದ್ದಾಗ ಕಳಚೂದಿಲ್ಲ, ಸ್ಕೀ ಒಂದು ಕಡೆ ತಿರುಗ್ತದ, ಮೊಣಕಾಲು ಇನ್ನೊಂದು ಕಡೆ. ನೀವು ಮೂರೂ ಮಂದಿ ಒಂದನೇ ದರ್ಜಿ ಅಂತ ಹೇಳ್ರಿ. ಮಗಳ ವಯಸ್ಸು ತಪ್ಪದ ಹೇಳ್ರಿ, ಹತ್ತರ ಒಳಗಿನವರಿಗೂ ಐವತ್ತು ದಾಟಿದವರಿಗೂ ಕೋಷ್ಟಕದಾಗ ಒಂದು ಸಾಲು ಕೆಳಗಿನ ಸೆಟಿಂಗ್ ಬರ್ತದ.

ಮತ್ತೊಂದು. ಸ್ಕೀ ಹಾಕ್ಕೊಳ್ಳೂ ಮುಂದ ಬೂಟಿನ ಅಟ್ಟಿಗೆ ಹತ್ತಿದ ಹಿಮ ಕೋಲಿನಿಂದ ಕೆರದು ಬಡೀರಿ. ಒಂದು ಬಿಲ್ಲಿಯಷ್ಟು ಮಂಜುಗಡ್ಡಿ ಅಂಟಿಕೊಂಡಿದ್ರೂ ಬೈಂಡಿಂಗ್ ಅರ್ಧಾ ಕೂತು, ಮೊದಲನೇ ತಿರುವಿನ್ಯಾಗ ಬಿಡ್ತದ. ಇಳಿಜಾರಿನ್ಯಾಗ ಇದ್ರ ಕೆಳಗಿನ ಕಡೆ ಸ್ಕೀ ಮೊದಲ ಹಾಕ್ಕೋರಿ.

ಉದ್ದ: ಹೊಸಬರಿಗೆ ಗದ್ದದಿಂದ ಮೂಗಿನ ನಡುವ ಬರೂ ಸ್ಕೀ. ಕೋಲು ತಲಿಕೆಳಗ ಮಾಡಿ ತುದಿ ಹತ್ತರದ ಬುಟ್ಟಿಯ (ದುಂಡನ ಬಿಲ್ಲಿಯ) ಕೆಳಗ ಹಿಡೀರಿ, ಮೊಣಕೈ ಕಾಟಕೋನಕ್ಕ ಬಂದ್ರ ಅಳತಿ ಸರಿ.

ಹಿಮಗಾಲು:
ಈಗ ದಿನದ ಲೆಕ್ಕ.

ಮೊದಲ ಎರಡು ದಿನ ಲೈಸೇ ಬಿಟ್ಟು ಎಲ್ಲೂ ಬೇಡ. ಪೂರ್ತಿ ಪಾಸ್ ಕೂಡ ಬೇಡ, ಹೊಸಬರಿಗೆ ಸುನ್ನೆಗ್ಗಾ ಮಟ್ಟದ ಟಿಕೆಟ್ ಏನಿದೆ ಅಂತ ಕೌಂಟರ್‌ನಲ್ಲಿ ಕೇಳಿ. ಪಾಸಿನ ದರ ತಾರೀಖಿನ ಮೇಲೆ ಏರಿಳಿಯುತ್ತೆ, ಭಾವಮೈದನದ್ದು ಆನ್‌ಲೈನ್‌ನಲ್ಲಿ ಮುಂಚೆಯೇ ತಗೊಂಡರೆ ಕಡಿಮೆ. ಸ್ಕೀ ಶಾಲೆಯ ಮಕ್ಕಳ ಗುಂಪು ಪಾಠ ಸಾಮಾನ್ಯವಾಗಿ ವಾರದ ಶುರುವಿಗೆ ಆರಂಭ, ಬುಧವಾರ ಹೋಗಿ ನಿಂತರೆ ಮಗಳು ಅರ್ಧ ಕಲಿತವರ ನಡುವೆ ಸಿಕ್ಕಿಹಾಕ್ಕೋತಾಳೆ. ನೀವಿಬ್ಬರೂ ಕನಿಷ್ಠ ಎರಡು ಅರ್ಧ ದಿನ ಪಾಠ ತಗೊಳ್ಳಿ. ಭಾವಮೈದ ಕಲಿಸ್ತಾನೆ ಅಂತ ಬಿಡಬೇಡಿ. ಸ್ಕೀ ಚೆನ್ನಾಗಿ ಮಾಡೋದು ಬೇರೆ, ಕಲಿಸೋದು ಬೇರೆ, ಮೇಲಾಗಿ ಮನೆ ಜಗಳ ಉಚಿತ.

ಎಲ್ಲರೂ ಮಾಡೋ ಒಂದೇ ತಪ್ಪು ಹಿಂದಕ್ಕೆ ವಾಲೋದು. ಇಳಿಜಾರು ಕಂಡ ತಕ್ಷಣ ಮೈ ತಾನಾಗೇ ಬೆಟ್ಟದ ಕಡೆ ಒರಗುತ್ತೆ. ಭಾರ ಸ್ಕೀಯ ಬಾಲಕ್ಕೆ ಹೋಯ್ತು ಅಂದ್ರೆ ಮೂತಿ ಹಗುರಾಗಿ ಅದು ತಿರುಗೋದೇ ಇಲ್ಲ, ಮೂಗು ನೇರಕ್ಕೆ ಓಡುತ್ತೆ. ಮೊಣಕಾಲಿನ ಕೆಳಗಿನ ಮುಂಭಾಗ ಸದಾ ಬೂಟಿನ ನಾಲಿಗೆಗೆ ಒತ್ತಿರಬೇಕು, ಆ ಒತ್ತಡ ತಪ್ಪಿತು ಅನ್ನಿಸಿದ ಕೂಡಲೇ ಕೈ ಮುಂದೆ ಚಾಚಿ. ನೇಗಿಲಿನಾಕಾರ, ಅಂದ್ರೆ ಮೂತಿ ಹತ್ತಿರ, ಬಾಲ ದೂರ. ಎಡಕ್ಕೆ ತಿರುಗಬೇಕಾದರೆ ಭಾರ ಬಲಗಾಲಿಗೆ, ಬಲಕ್ಕಾದರೆ ಎಡಗಾಲಿಗೆ. ಹೊರಗಿನ ಸ್ಕೀ ಕೆಲಸ ಮಾಡುತ್ತೆ, ಒಳಗಿನದು ಸುಮ್ಮನೆ ಜೊತೆಗೆ ಬರುತ್ತೆ. ಭುಜ ತಿರುಚಿ ತಿರುಗೋಕೆ ಹೋಗಬೇಡಿ.

ಮೂರು, ನಾಲ್ಕನೇ ದಿನ ಗೋರ್ನರ್‌ಗ್ರಾಟ್ ರೈಲಲ್ಲಿ ರಿಫೆಲ್‌ಬರ್ಗ್. ಅಲ್ಲಿನ ನೀಲಿ ಪಿಸ್ಟ್‌ಗಳು ಅಗಲ, ಇಳಿಜಾರು ಒಂದೇ ಸಮ. ಸ್ವಿಟ್ಜರ್‌ಲೆಂಡ್‌ನಲ್ಲಿ ಹಸಿರು ಬಣ್ಣ ಇಲ್ಲ, ನೀಲಿಯೇ ಎಲ್ಲಕ್ಕಿಂತ ಸುಲಭ, ಆಮೇಲೆ ಕೆಂಪು, ಕಪ್ಪು.

ಇದನ್ನ ಮಾತ್ರ ಮರೀಬೇಡಿ: ಸಂಜೆ ಸ್ಕೀ ಮೇಲೆ ಊರಿಗೆ ಇಳಿಯೋ ಸಾಹಸ ಬೇಡ. ಊರಿನ ಕಡೆಯ ದಾರಿಗಳು ಕಿರಿದು, ಇಡೀ ದಿನ ಜನ ಕೆರೆದು ಹೊಳೆಯೋ ಮಂಜುಗಡ್ಡೆ ಆಗಿರುತ್ತೆ, ನಾಲ್ಕು ಗಂಟೆಗೆ ಇಡೀ ಬೆಟ್ಟ ಅಲ್ಲಿಗೇ ಸುರಿಯುತ್ತೆ, ಎಲ್ಲರ ಕಾಲೂ ಸೋತಿರುತ್ತೆ. ಫ್ಯೂನಿಕ್ಯುಲರ್‌ನಲ್ಲೋ ರೈಲಲ್ಲೋ ಕೂತು ಇಳಿಯಿರಿ.

ಕೊನೇಬಸ್ಸು:
ಲಿಫ್ಟ್ ನಿಂತ ಮೇಲೆ ಬೇಗ ಇಳಿದುಬಿಡಬೇಕು, ಅದಕ್ಕೆ ಇನ್ನೊಂದು ಕಾರಣ. ಪಿಸ್ಟ್ ಮುಚ್ಚಿದ ಮೇಲೆ ಹಿಮ ಸಮ ಮಾಡೋ ಯಂತ್ರಗಳು ಬರ್ತವೆ. ಕಡಿದಾದ ಕಡೆ ಅವು ಮೇಲೊಂದು ಗೂಟಕ್ಕೆ ಉಕ್ಕಿನ ಹಗ್ಗ ಕಟ್ಟಿಕೊಂಡು ಕೆಲಸ ಮಾಡೋದು. ಹಗ್ಗ ನೂರಾರು ಮೀಟರ್ ಉದ್ದ, ಒಮ್ಮೆ ಹಿಮದಡಿ ಇರುತ್ತೆ, ಯಂತ್ರ ಎಳೆದಾಗ ಸರಕ್ಕನೆ ಎದೆಯೆತ್ತರಕ್ಕೆ ಏಳುತ್ತೆ. ಕತ್ತಲಲ್ಲಿ ಕಾಣೋದೇ ಇಲ್ಲ.

ಪಣಂಬೂರು_ಕಡಲು:
360 ಕಿ.ಮೀ. ಪಾಸ್ ಬಗ್ಗೆ ಹೇಳ್ತೇನೆ. ಝೆರ್ಮಾಟ್ ಒಂದರದ್ದೇ 200 ಕಿ.ಮೀ. ಉಂಟು, ಉಳಿದದ್ದು ಇಟಲಿಯ ಚೆರ್ವೀನಿಯಾ ಮತ್ತು ವಾಲ್‌ಟೂರ್ನಾಂಶ್. ನೀವು ಮೂವರಿಗೆ ಅದು ಖಂಡಿತ ಬೇಡ ಮಾರಾಯ್ರೆ. ಭಾವಮೈದನಿಗೆ ಒಂದು ದಿನ ಹೋಗಿ ಬರ್ಲಿಕ್ಕೆ ಅಡ್ಡಿಯಿಲ್ಲ, ವೆಂಟಿನಾ ಅಂತ ಉದ್ದದ ಕೆಂಪು ಪಿಸ್ಟ್ ಉಂಟು, ಪ್ಲಾಟೋ ರೋಸಾದಿಂದ ಚೆರ್ವೀನಿಯಾ ಪೇಟೆಯವರೆಗೆ. 3,480ರಿಂದ 2,050 ಮೀಟರ್‌ಗೆ ಇಳಿಯುತ್ತದೆ. ಊಟ ಆ ಕಡೆ ಅಗ್ಗ, ರುಚಿಯೂ.

ಆದರೆ ವಾಪಸ್ ಬರುವ ಲೆಕ್ಕ ಗಟ್ಟಿ ಇರ್ಬೇಕು. ಚೆರ್ವೀನಿಯಾದಿಂದ ಪ್ಲಾನ್ ಮೇಜೋನ್, ಅಲ್ಲಿಂದ ಲಾಗಿ ಚೀಮೆ ಬಿಯಾಂಕೆ, ಅಲ್ಲಿಂದ ಪ್ಲಾಟೋ ರೋಸಾ, ಹೀಗೆ ಮೂರು ಹಂತ ಹತ್ತಬೇಕು. ಒಂದೊಂದರಲ್ಲೂ ಸಾಲು. ಕೊನೆಯ ಕೇಬಲ್ ಕಾರಿನ ಸಮಯ ಆವತ್ತಿನ ಬೋರ್ಡಿನಲ್ಲಿ ಹಾಕಿರ್ತಾರೆ, ಅದನ್ನು ಬೆಳಿಗ್ಗೆ ದಾಟುವಾಗಲೇ ಫೋಟೋ ತೆಗೆದಿಟ್ಕೊಳ್ಬೇಕು. ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಪೇಟೆಯ ಬುಡ ಬಿಟ್ಟರೆ ಸಮಾಧಾನ. ತಪ್ಪಿತೋ, ರಸ್ತೆಯಲ್ಲಿ ಆವೋಸ್ತಾ, ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗ, ಮಾರ್ಟಿನೀ, ಫಿಸ್ಪ್, ಟೇಶ್ ಅಂತ ಸುಮಾರು ನಾಲ್ಕು ಗಂಟೆ ಸುತ್ತು. ಟ್ಯಾಕ್ಸಿ ಬಿಲ್ ನೋಡಿದರೆ ಅಲ್ಲೇ ರೂಮ್ ಮಾಡುವುದು ಲಾಭ ಅನ್ನಿಸ್ತದೆ.

ಸಮಯ ಸರಿ ಇದ್ದರೂ ಗಾಳಿ ಕೈಕೊಡ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಮೊದಲು ಬಂದ್ ಆಗುವುದೇ ಆ ಮೇಲಿನ ಹಂತ. ಬೆಳಿಗ್ಗೆ ಶಿಖರದ ತುದಿಯಿಂದ ಹಿಮ ಧೂಳಿನ ಹಾಗೆ ಬಾಲ ಬಿಟ್ಟು ಹಾರುವುದು ಕಂಡರೆ ಆವತ್ತು ದಾಟ್ಲಿಕ್ಕೇ ಹೋಗ್ಬೇಡಿ.

ಕೊನೇಬಸ್ಸು:
ಒಂದೂವರೆ ಗಂಟೆ ಸ್ವಲ್ಪ ಅತಿ ಆಯ್ತು. ವಾರದ ಮಧ್ಯೆ ಸಾಲಿಲ್ಲದಾಗ ಒಂದು ಗಂಟೆಯಲ್ಲಿ ಮೇಲೆ ಬರಬಹುದು.

ಪಣಂಬೂರು_ಕಡಲು:
ಬರಬಹುದು, ಒಂದು ಹಂತ ಹತ್ತು ನಿಮಿಷ ನಿಂತರೆ ಏನು ಮಾಡ್ತೀರಿ? ಹೆಸರು ಕೊನೇಬಸ್ಸು ಅಂತ ಇಟ್ಕೊಂಡು ನೀವೇ ಹೀಗೆ ಹೇಳಿದರೆ ಹೇಗೆ 🙂

ಕೊನೇಬಸ್ಸು:
ಸರಿ, ಒಪ್ಪಿದೆ. ದಾಟೋ ದಿನದ ಇನ್ನೂ ಮೂರು ವಿಷಯ. ಪಾಸ್‌ಪೋರ್ಟ್ ಮತ್ತು ಜರ್ಮನ್ ರೆಸಿಡೆನ್ಸ್ ಕಾರ್ಡ್ ಅಸಲಿ ಜೇಬಲ್ಲಿ ಇರಲಿ, ಎರಡೂ ಷೆಂಗೆನ್ ದೇಶ, ಗೇಟಿಲ್ಲ, ಆದರೆ ಕೇಳಿದರೆ ತೋರಿಸಬೇಕು. ಇಟಲಿಯಲ್ಲಿ 2022ರಿಂದ ಸ್ಕೀ ಮಾಡೋರಿಗೆ ಬೇರೆಯವರಿಗಾದ ಹಾನಿ ಭರಿಸೋ ವಿಮೆ ಕಡ್ಡಾಯ. ನಿಮ್ಮ ಹತ್ತಿರ ಜರ್ಮನ್ ಹಾಫ್ಟ್‌ಫ್ಲಿಖ್ಟ್ (ಇಂಥದ್ದೇ ಹೊಣೆ ವಿಮೆ) ಇದ್ದರೆ ಸಾಮಾನ್ಯವಾಗಿ ಅದರಲ್ಲೇ ಸ್ಕೀ ಸೇರಿರುತ್ತೆ, ಪತ್ರ ಫೋನಲ್ಲಿಟ್ಟುಕೊಳ್ಳಿ. ಮೂರನೇದು ಫೋನ್: ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಯೂನಿಯನ್ನಿನ ರೋಮಿಂಗ್‌ಗೆ ಸೇರಿಲ್ಲ. ಪ್ಲಾನ್ ನೋಡದೆ ಡೇಟಾ ಆನ್ ಇಟ್ಟರೆ ಬಿಲ್ ಮನೆಗೆ ಬಂದಾಗ ಗೊತ್ತಾಗುತ್ತೆ.

ವಿಮೆ ಮಾತು ಬಂದಿದ್ದಕ್ಕೆ, ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ: ಜರ್ಮನ್ ಹೆಲ್ತ್ ಕಾರ್ಡಿನ ಹಿಂಭಾಗದ ನೀಲಿ ಯುರೋಪಿಯನ್ ಕಾರ್ಡ್, ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಸ್ವಿಟ್ಜರ್‌ಲೆಂಡ್‌ನಲ್ಲಿ ನಡೆಯಲ್ಲ. ಪಕ್ಕದ ಮನೆ ಜರ್ಮನ್‌ಗೆ ನಡೆಯುತ್ತೆ, ನಿಮಗಿಲ್ಲ. ವರ್ಷದ ವಿದೇಶ ಪ್ರವಾಸ ಆರೋಗ್ಯ ವಿಮೆ ಬೇರೆ ಮಾಡಿಸಿ, ಅದರಲ್ಲಿ ಬೆಟ್ಟದಿಂದ ಪಾರುಗಾಣಿಸೋ ಖರ್ಚು ಅಂತ ಅಚ್ಚಾಗಿದೆಯಾ ಓದಿ. ಪಿಸ್ಟ್ ಮೇಲಿಂದ ಸ್ಲೆಡ್ಜ್‌ನಲ್ಲಿ ಇಳಿಸಿದರೂ, ಹೆಲಿಕಾಪ್ಟರ್ ಬಂದರೂ ಬಿಲ್ ನಿಮ್ಮ ಹೆಸರಿಗೇ. ಪಾಸ್ ಕೊಳ್ಳುವಾಗ ದಿನಕ್ಕಿಷ್ಟು ಅಂತ ಸೇರಿಸೋ ವಿಮೆಯೂ ಸಿಗುತ್ತೆ. ಭಾರತದಿಂದ ನೇರ ಬರೋರು ಗಮನಿಸಿ, ಅಲ್ಲಿನ ಟ್ರಾವೆಲ್ ಪಾಲಿಸಿಗಳಲ್ಲಿ ಚಳಿಗಾಲದ ಕ್ರೀಡೆ ಹೊರಗಿಟ್ಟಿರೋದೇ ಹೆಚ್ಚು.

ಸ್ಟೆತೋ_ಶಿವಮೊಗ್ಗ:
ಅಮ್ಮನ ವಿಷಯ. ಊರಿನ ಎತ್ತರ ಸುಮಾರು 1,620 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ, ಅಲ್ಲಿ ಮಲಗೋದಕ್ಕೆ ಚಿಂತೆ ಇಲ್ಲ. ಚಿಂತೆ ಇರೋದು ಕ್ಲೈನ್ ಮ್ಯಾಟರ್‌ಹಾರ್ನ್ ನಿಲ್ದಾಣದ್ದು, 3,883 ಮೀಟರ್. ಲೇಹ್‌ಗಿಂತಲೂ ಎತ್ತರ. ಲೇಹ್‌ಗೆ ಹೋದರೆ ಎರಡು ದಿನ ಹಾಸಿಗೆ ಬಿಟ್ಟು ಏಳಬೇಡಿ ಅಂತಾರೆ, ಇಲ್ಲಿ ಕೇಬಲ್ ಕಾರ್ ಒಂದು ಗಂಟೆಯೊಳಗೆ ಎತ್ತಿಬಿಡುತ್ತೆ. ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ಅರ್ಧ, ಮುಕ್ಕಾಲು ಗಂಟೆ ಇದ್ದು ಇಳಿದವರಿಗೆ ನಿಜವಾದ ಎತ್ತರದ ಕಾಯಿಲೆ ಬರೋದು ಅಪರೂಪ, ಅದಕ್ಕೆ ಕೆಲವು ಗಂಟೆ ಬೇಕು. ಆದರೆ ತಲೆ ಸುತ್ತು, ಏದುಸಿರು ತಕ್ಷಣವೇ. ಚಳಿ ಮತ್ತು ಎತ್ತರ ಎರಡೂ ಬಿಪಿ ಏರಿಸ್ತವೆ. ಹೊರಡೋ ಮುಂಚೆ ಅವರ ವೈದ್ಯರನ್ನೇ ಕೇಳಿ, ಮಾತ್ರೆಯಲ್ಲಿ ಮೂತ್ರ ಹೆಚ್ಚಿಸೋ ಅಂಶ ಇದೆಯಾ ಅಂತಲೂ ಕೇಳಿ, ಒಣ ಗಾಳಿಯಲ್ಲಿ ನೀರಿನಂಶ ಬೇಗ ಕಡಿಮೆ ಆಗುತ್ತೆ.

ನನ್ನ ಕೇಳಿದರೆ ಅವರಿಗೆ ಗೋರ್ನರ್‌ಗ್ರಾಟ್ ಸಾಕು. 1898ರಿಂದ ಓಡ್ತಿರೋ ಹಲ್ಲುಹಳಿ ರೈಲು, 33 ನಿಮಿಷ, 3,089 ಮೀಟರ್. ಕೂತಲ್ಲೇ ಬೆಟ್ಟ ಕಾಣುತ್ತೆ, ಸುಸ್ತು ಅನ್ನಿಸಿದರೆ ಮಧ್ಯದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲಿಗೆ ವಾಪಸ್. ಅದೂ ಮೂರನೇ ದಿನದ ಮೇಲೆ. ಹೋಗುವಾಗ ಮ್ಯಾಟರ್‌ಹಾರ್ನ್ ಬಲಗಡೆ ಕಿಟಕಿಗೆ.

ಸ್ಕೀ ಮಾಡೋರಿಗೂ ಒಂದು ಮಾತು. ಕ್ಲೈನ್ ಮ್ಯಾಟರ್‌ಹಾರ್ನ್‌ನಲ್ಲಿ ಕೇಬಲ್ ಕಾರ್ ಇಳಿದ ಮೇಲೆ ಸ್ಕೀ ಹೆಗಲಿಗೆ ಹಾಕ್ಕೊಂಡು ಉದ್ದದ ಸುರಂಗದಲ್ಲಿ ನಡೀಬೇಕು. ಬೂಟಿನ ಸದ್ದು, ಎದುರು ಗಾಳಿ, ಎಲ್ಲರಿಗೂ ಮುಂದಿನವರನ್ನ ದಾಟೋ ಅವಸರ. ಸುರಂಗ ಮುಗಿದಾಗ ಎದೆ ಡವಗುಟ್ಟುತ್ತೆ. ಅಲ್ಲೇ ಐದು ನಿಮಿಷ ನಿಂತು ಆಮೇಲೆ ಸ್ಕೀ ಹಾಕಿ.

ಪಣಂಬೂರು_ಕಡಲು:
ಚಳಿ ಲೆಕ್ಕ: ಸಾವಿರ ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿ ಇಳೀತದೆ. ಊರಲ್ಲಿ ಸೊನ್ನೆ ಅಂದ್ರೆ ಕ್ಲೈನ್ ಮ್ಯಾಟರ್‌ಹಾರ್ನ್‌ನಲ್ಲಿ ಮೈನಸ್ ಹದಿನೈದು, ಗಾಳಿ ಬೇರೆ. ಹತ್ತಿ ಬಟ್ಟೆ ಒಳಗೂ ಬೇಡ, ಬೆವರಿಗೆ ಒದ್ದೆಯಾಗಿ ಲಿಫ್ಟ್‌ನಲ್ಲಿ ಕೂತಾಗ ನಡುಗಿಸ್ತದೆ. ಬೆರಳಿನ ಕೈಚೀಲಕ್ಕಿಂತ ಎಲ್ಲ ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಗಾಗಲ್ಸ್‌ಗೆ ಎರಡು ಗಾಜು ಬೇಕು: ಬಿಸಿಲಿಗೆ ಕಪ್ಪು ಛಾಯೆಯ ಎಸ್3, ಮೋಡಕ್ಕೆ ತಿಳಿ ಛಾಯೆಯ ಎಸ್1. ಗ್ಲೇಸಿಯರ್ ಮೇಲೆ ಮರ ಇಲ್ಲ, ಮೋಡ ಕವಿದರೆ ನೆಲ ಆಕಾಶ ಎರಡೂ ಒಂದೇ ಬಿಳಿ, ನಿಂತಿದ್ದೇವಾ ಜಾರ್ತಿದ್ದೇವಾ ಅಂತಲೂ ಗೊತ್ತಾಗುವುದಿಲ್ಲ. ಅಂಥ ದಿನ ಕೆಳಗೆ, ಕಂಬ, ಮರ ಇರುವ ಪಿಸ್ಟ್‌ಗೆ ಬನ್ನಿ.

ಮೇಲೆ ಟಿ-ಬಾರ್ ಲಿಫ್ಟ್‌ಗಳೂ ಉಂಟು. ಅದರ ಮೇಲೆ ಕೂರ್ಬಾರ್ದು! ಅದು ಕುರ್ಚಿ ಅಲ್ಲ, ಬೆನ್ನ ಹಿಂದಿನಿಂದ ತಳ್ಳುವ ಕೋಲು. ಕೂತರೆ ಹಗ್ಗ ಸಡಿಲಾಗಿ ಅಂಗಾತ ಬೀಳ್ತೀರಿ. ಇಬ್ಬರೂ ಸುಮಾರು ಒಂದೇ ಎತ್ತರ ಇರ್ಬೇಕು, ಇಲ್ಲದಿದ್ದರೆ ಒಬ್ಬರಿಗೆ ಸೊಂಟ, ಇನ್ನೊಬ್ಬರಿಗೆ ಮೊಣಕಾಲು. ಬಿದ್ದರೆ ಕೋಲು ಬಿಟ್ಟು ತಕ್ಷಣ ಪಕ್ಕಕ್ಕೆ ಉರುಳಿ, ಹಿಂದೆ ಇನ್ನೊಂದು ಜೋಡಿ ಬರ್ತಾ ಉಂಟು.

ನೆಕ್ಕರ್_ತೀರ:
ಭಾವಮೈದ ನಕ್ಷೆಯಲ್ಲಿ ಹಳದಿ ಗೆರೆ ತೋರಿಸಿ, ಅಲ್ಲಿ ಜನ ಕಡಿಮೆ ಇರುತ್ತೆ, ಅದನ್ನೇ ಮಾಡ್ತೀನಿ ಅಂತಿದ್ದಾನೆ.

ಪಣಂಬೂರು_ಕಡಲು:
ಹಳದಿ ಅಂದ್ರೆ ಪಿಸ್ಟ್ ಅಲ್ಲ. ಹಿಮಕುಸಿತದಿಂದ ಕಾಪಾಡಿರ್ತಾರೆ, ಗುರುತಿನ ಕಂಬ ನೆಟ್ಟಿರ್ತಾರೆ, ಅಷ್ಟೇ. ಯಂತ್ರ ಓಡುವುದಿಲ್ಲ, ಸಂಜೆ ಕೊನೆಗೆ ಯಾರೂ ಉಳಿದಿದ್ದಾರಾ ಅಂತ ಗಸ್ತು ಬರುವುದಿಲ್ಲ. ಜನವರಿ ಕೊನೆಗೆ ಅಲ್ಲಿ ಆಳೆತ್ತರದ ದಿಬ್ಬಗಳ ಸಾಲು. ಕೆಂಪು ಮಾಡುವವನಿಗೆ ಕಾಲು ಉಳಿದಿದ್ದರೆ, ಬೆಳಿಗ್ಗೆ, ಜೊತೆಗೊಬ್ಬರಿದ್ದರೆ, ತೆರೆದದ್ದು ಮಾತ್ರ. ಹಳದಿ ಗೆರೆಯಿಂದಲೂ ಹೊರಗೆ ಹೋಗುವ ಮಾತು ಬೇಡವೇ ಬೇಡ. ಗ್ಲೇಸಿಯರ್ ಮೇಲೆ ಕಂಬದ ಆಚೆ ನಾಲ್ಕು ಹೆಜ್ಜೆ ಇಟ್ಟರೂ ಅಡಿಯಲ್ಲಿ ಬಿರುಕು ಇರಬಹುದು, ಮೇಲೆ ತೆಳ್ಳಗೆ ಹಿಮದ ಸೇತುವೆ ಕಟ್ಟಿರ್ತದೆ, ಕಾಣುವುದೇ ಇಲ್ಲ. ಇನ್ನೊಬ್ಬರ ಸ್ಕೀ ಗೆರೆ ಉಂಟು ಅಂತ ನಂಬ್ಬೇಡಿ, ಅವರಿಗೆ ಗೈಡ್ ಇದ್ದಿರಬಹುದು, ಅಥವಾ ಅವರೂ ಹೀಗೇ ಹೋದವರಿರಬಹುದು. ಹಿಮಕುಸಿತದ ಬುಲೆಟಿನ್ ದಿನಾ ಸಂಜೆ 5ಕ್ಕೆ ಬರ್ತದೆ, ಚಳಿಗಾಲದಲ್ಲಿ ಬೆಳಿಗ್ಗೆ 8ಕ್ಕೂ. ಐದು ಮಟ್ಟದಲ್ಲಿ ಮೂರು ಅಂದ್ರೆ ನಡುವಿನದ್ದು, ಪರವಾಗಿಲ್ಲ ಅಂತ ಜನ ತಿಳ್ಕೊಳ್ತಾರೆ. ತಪ್ಪು. ಮೂರರಲ್ಲಿ ಒಬ್ಬನ ಭಾರಕ್ಕೂ ಇಳಿಜಾರು ಕಳಚಬಹುದು.

ಹಿಮಗಾಲು:
ಪಿಸ್ಟ್ ಮೇಲಿನ ನಿಯಮ ಮಗಳಿಗೂ ಹೇಳಿಕೊಡಿ. ಕೆಳಗಿರುವವರಿಗೆ ಹಕ್ಕು, ಮೇಲಿಂದ ಬರುವವರದ್ದೇ ಜವಾಬ್ದಾರಿ. ನಿಲ್ಲೋದಾದರೆ ಅಂಚಿನಲ್ಲಿ, ದಿಬ್ಬದ ಮರೆಯಲ್ಲಿ ಎಂದೂ ಅಲ್ಲ. ಯಾರಾದರೂ ಬಿದ್ದು ಏಳದಿದ್ದರೆ ಅವರಿಗಿಂತ ಮೇಲೆ ಎರಡು ಸ್ಕೀ ಅಡ್ಡಡ್ಡ ಕತ್ತರಿ ಹಾಗೆ ಹಿಮಕ್ಕೆ ನೆಡಿ, ಆಮೇಲೆ ಫೋನ್. ಆ ಕಣಿವೆಯಲ್ಲಿ 144. ಪಿಸ್ಟ್ ನಂಬರು ಮತ್ತು ಹತ್ತಿರದ ಕಂಬದ ನಂಬರು ಹೇಳಿದರೆ ಹುಡುಕೋ ಕೆಲಸ ಉಳಿಯುತ್ತೆ.

ರಾಗಿಮುದ್ದೆ_ರೋಸ್ಟಿ:
ಅಡುಗೆ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ! ಅಪಾರ್ಟ್‌ಮೆಂಟ್ ಅಂದ್ರೆ ಸಾಮಾನ್ಯವಾಗಿ ಇಂಡಕ್ಷನ್ ಒಲೆ, ಇಲ್ಲಾ ಗಾಜಿನ ಒಲೆ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗೋದೇ ಇಲ್ಲ, ತಳಕ್ಕೆ ಅಯಸ್ಕಾಂತ ಅಂಟುತ್ತಾ ನೋಡಿ, ಸ್ಟೀಲ್ ಮೂರು ಲೀಟರಿನದು ತನ್ನಿ. ಬೆಂಗಳೂರಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತೆ, ಅಲ್ಲಿ 95ರ ಹತ್ತಿರ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸ್ತೀನಿ ಅಂತ ಕೂತರೆ ರಾತ್ರಿ ಆಗುತ್ತೆ. ಕುಕ್ಕರ್‌ನಲ್ಲೂ ಒಂದು ವಿಶಲ್ ಜಾಸ್ತಿ ಕೂಗಿಸಿ. ರೈಲು ನಿಲ್ದಾಣದ ಎದುರೇ ಕೋಪ್ ಅಂಗಡಿ, ಅಕ್ಕಿ, ಮೊಸರು, ತರಕಾರಿ ಸಿಗುತ್ತೆ, ಕೊತ್ತಂಬರಿ ಸೊಪ್ಪಿನ ಆಸೆ ಇಟ್ಕೋಬೇಡಿ.

ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ರೋಸ್ಟಿ (ಹುರಿದ ಆಲೂಗಡ್ಡೆ ತುರಿ) ಧಾರಾಳ, ಆದರೆ ಸ್ಪೆಕ್ ಬೇಡ ಅಂತ ಮೊದಲೇ ಹೇಳಿ, ಅದು ಹಂದಿ. ಎಲ್ಪ್ಲರ್‌ಮಾಗ್ರೋನೆನ್‌ಗೂ (ಚೀಸ್ ಹಾಕಿದ ಮ್ಯಾಕರೋನಿ) ಅದೇ ಮಾತು. ಅಮ್ಮ ಕಟ್ಟುನಿಟ್ಟಿನವರಾದರೆ ಇದೂ ಗೊತ್ತಿರಲಿ: ಗ್ರ್ಯೂಯೇರ್, ರಾಕ್ಲೆಟ್ ಥರದ ಸಾಂಪ್ರದಾಯಿಕ ಚೀಸ್ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದು. ಕರಗಿಸಿದ ಚೀಸಿನ ಫಾಂಡ್ಯೂನಲ್ಲಿ ವೈನ್ ಇರುತ್ತೆ. ನಲ್ಲಿ ನೀರು ಧೈರ್ಯವಾಗಿ ಕುಡೀರಿ.

ಆಮೇಲೆ, ಕಾರಿಲ್ಲದ ಊರು ಅಂತ ಮಗಳನ್ನ ರಸ್ತೆಯಲ್ಲಿ ಓಡೋಕೆ ಬಿಡಬೇಡಿ. ಎಲೆಕ್ಟ್ರಿಕ್ ಟ್ಯಾಕ್ಸಿಗಳು ಡಬ್ಬಿ ಥರ ಇರ್ತವೆ, ಸದ್ದೇ ಇಲ್ಲದೆ ಬೆನ್ನ ಹಿಂದೆ ಬಂದು ನಿಂತಿರ್ತವೆ. ರಾತ್ರಿ ಬೀದಿ ಕನ್ನಡಿ ಹಾಗೆ ಜಾರುತ್ತೆ, ಅಮ್ಮನ ಶೂಗೆ ರಬ್ಬರಿನ ಮುಳ್ಳುಪಟ್ಟಿ ತಗೊಳ್ಳಿ.

ನೆಕ್ಕರ್_ತೀರ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಕೊನೇದೊಂದು: ಸಂಜೆ ಬೂಟು ಒದ್ದೆ ಆಗಿದ್ದರೆ ಹೀಟರ್ ಮೇಲೆ ಇಡಬಹುದಾ?

ಧಾರವಾಡ_ಪೇಡೆ:
ಹೀಟರ್ ಮ್ಯಾಲ ಇಡಬ್ಯಾಡ್ರಿ, ಪ್ಲಾಸ್ಟಿಕ್ ಡೊಂಕಾಗ್ತದ, ಬಾಡಿಗೀದು ಬ್ಯಾರೆ. ಬಾಡಿಗಿ ಅಂಗಡಿಯವರದು ಲಿಫ್ಟಿನ ಹತ್ತರ ಡಿಪೋ ಇದ್ರ ಅಲ್ಲೇ ಬಿಡ್ರಿ, ಬಿಸಿಗಾಳಿ ಕೊಳವಿಗೆ ಸಿಗಿಸಿ ಒಣಗಸ್ತಾರ, ಸ್ಕೀ ಹೊತ್ತು ಮನಿತನ ನಡಿಯೂದೂ ತಪ್ತದ. ಮನೀಗೆ ತಂದ್ರ ಒಳಗಿನ ಅಟ್ಟಿ ಹೊರಗ ತೆಗೀರಿ, ಲೈನರಿನೊಳಗ ಪೇಪರ್ ತುರುಕ್ರಿ, ಮಲಗೂ ಮುಂದ ಆ ಪೇಪರ್ ಒಮ್ಮೆ ಬದಲ ಮಾಡ್ರಿ. ಬಕಲ್ ಸಡಿಲಾಗಿ ಹಾಕೇ ಇಡ್ರಿ, ಬಿಚ್ಚಿ ಇಟ್ರ ಚಿಪ್ಪು ಬಾಯಿ ತಕ್ಕೊಂಡು ಆಕಾರ ಕೆಡ್ತದ. ಬೆಳಗ್ಗೆ ಥಂಡಿ ಬಾಲ್ಕನಿಯಾಗ ಇಟ್ಟಿದ್ದ ಬೂಟಿನೊಳಗ ಕಾಲು ಹೋಗಂಗಿಲ್ಲ, ಪ್ಲಾಸ್ಟಿಕ್ ಕಲ್ಲಾಗಿರ್ತದ, ಅದಕ ರಾತ್ರಿ ಒಳಗ ಇರಲಿ.